ಒಂದು ಸುತ್ತಿಗೆ ಐದು ಸೆಕೆಂಡು



ಉಳ್ಳಾರ್ತಿ ಕಾವಲಿನ ಸುತ್ತಿನ ಹಳ್ಳಿಗಳಲ್ಲಿ ಓಡಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಕುರಿಮಂದೆಯ ಹಿಂದೆ ದಿನವೆಲ್ಲ ನಡೆದ ಕಾಲು ಗಟ್ಟಿಯಾಗಿಯೇ ಇರುತ್ತದೆ. ಆದರೆ "ನಮ್ಮ ಹುಡುಗ ಬಲು ಜೋರಾಗಿ ಓಡುತ್ತಾನೆ" ಎನ್ನುವವರನ್ನು "ಎಷ್ಟು ದೂರ? ಎಷ್ಟು ಹೊತ್ತಿನಲ್ಲಿ?" ಎಂದು ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಬಿತ್ತುವ ಬೀಜವನ್ನು ಅಳೆಯುವ ನಾವು ಓಟವನ್ನು ಅಳೆಯುವುದಿಲ್ಲ. ಅಳೆದರೆ ಏನಾಗುತ್ತದೆ ಎಂಬುದನ್ನು ಬೆಳಗಾವಿಯ ಓಟಗಾರರೊಬ್ಬರ ಕಥೆಯಿಂದ ತಿಳಿಯೋಣ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿದ್ದರು. ದೂರದ ಓಟಕ್ಕೆ ನಿಂತವರು ರೈತಾಪಿ ಜನ. ಬರಿಗಾಲು, ಒರಟು ಹಾದಿ, ಕಲಿಸಿದ ಗುರುಗಳಿಲ್ಲ. ಆದರೂ ಕೆಲವರ ವೇಳೆ ಯೂರೋಪಿನ ಓಟಗಾರರ ವೇಳೆಗೆ ಹತ್ತಿರವಾಗಿತ್ತು. ಇದನ್ನು ಕಂಡ ಟಾಟಾ ಅವರು ಇಂಥವರನ್ನು ಒಲಿಂಪಿಕ್ ಕ್ರೀಡೆಗಳಿಗೆ ಕಳುಹಿಸಬೇಕೆಂದು ಮನಸ್ಸು ಮಾಡಿ, ಸ್ವಂತ ಹಣವನ್ನೂ ಕೊಟ್ಟರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣಕ್ಕೆ ಹೋದ ಭಾರತದ ತಂಡದಲ್ಲಿ ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಓಟಗಾರರಲ್ಲಿ ಇಬ್ಬರು ಈಗಿನ ಕರ್ನಾಟಕದವರು: ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಅಲ್ಲಿನ ಹಾದಿ 42 ಕಿಲೋಮೀಟರು 750 ಮೀಟರು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಅವರ ವೇಳೆ 2 ಗಂಟೆ 32 ನಿಮಿಷ 35 ಸೆಕೆಂಡು. ಅಂತರ 18 ನಿಮಿಷ. ಕೇಳಿದರೆ ಬಹಳವೆನಿಸುತ್ತದೆ. ಆದರೆ ಈ ದೂರವನ್ನು 200 ಮೀಟರಿನ ಸುತ್ತುಗಳಾಗಿ ಭಾಗ ಮಾಡಿ. ಸುಮಾರು 214 ಸುತ್ತುಗಳಾಗುತ್ತವೆ. ಚೌಗುಲೆಯವರು ಒಂದು ಸುತ್ತಿಗೆ ತೆಗೆದುಕೊಂಡದ್ದು 48 ಸೆಕೆಂಡು. ಗೆದ್ದವರು 43 ಸೆಕೆಂಡು. ಬೆಳಗಾವಿಯ ಓಟಗಾರನಿಗೂ ಲೋಕದ ಮೊದಲಿಗನಿಗೂ ನಡುವೆ ಇದ್ದದ್ದು ಸುತ್ತಿಗೆ ಐದೇ ಸೆಕೆಂಡು!

ಈ ಲೆಕ್ಕ ನೂರು ವರ್ಷಗಳಾದ ಮೇಲೂ ನಮಗೆ ಸಿಕ್ಕಿದ್ದು ಹೇಗೆ? ಅಂದು ದೂರವನ್ನು ಅಳೆದಿದ್ದರು, ವೇಳೆಯನ್ನು ಬರೆದಿಟ್ಟಿದ್ದರು. ಅಳೆಯದೆ ಹೋಗಿದ್ದರೆ ಆ ಬರಿಗಾಲಿನ ಓಟಗಾರರು ಪುಣೆಯಿಂದಾಚೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಮ್ಮ ಊರಿನಲ್ಲಿಯೂ ಅಂಥ ಹುಡುಗನೋ ಹುಡುಗಿಯೋ ಇರಬಹುದು. ತಿಳಿಯಬೇಕಾದರೆ ಅಳೆಯಬೇಕು.

ಹಿಂದೆ ಕಾವಲಿನ ಬಯಲು ದನಕರುಗಳಿಗೂ ಮಕ್ಕಳಿಗೂ ತೆರೆದಿತ್ತು. ಈಗ ಈ ಭಾಗದ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿದೆ. ಆದರೆ ಓಟದ ಸುತ್ತು ಮಾಡಲು 90 ಮೀಟರು ಉದ್ದ, 40 ಮೀಟರು ಅಗಲದ ಜಾಗ, ಎಂದರೆ ಸುಮಾರು 36 ಗುಂಟೆ ಸಾಕು. ಶಾಲೆಯ ಬಯಲಾಗಲಿ, ಶೇಂಗಾ ಕಿತ್ತು ಖಾಲಿ ಬಿದ್ದ ಹೊಲವಾಗಲಿ ಆದೀತು.

ಸುತ್ತು ಹಾಕುವ ಕ್ರಮ:

1. ಕಲ್ಲು, ಜಾಲಿಮುಳ್ಳು ಆಯ್ದು ನೆಲವನ್ನು ಸಮ ಮಾಡಿ.

2. ಜಾಗದ ನಡುವೆ, ಉದ್ದಕ್ಕೆ, 50 ಮೀಟರು ಅಂತರದಲ್ಲಿ ಎರಡು ಗೂಟ ನೆಡಿ.

3. 15 ಮೀಟರು 72 ಸೆಂಟಿಮೀಟರು ಹಗ್ಗವನ್ನು ಗೂಟಕ್ಕೆ ಕಟ್ಟಿ, ಎರಡೂ ತುದಿಗಳಲ್ಲಿ ಹೊರಮುಖವಾಗಿ ಅರ್ಧ ವೃತ್ತ ಎಳೆಯಿರಿ. ಹಿಗ್ಗುವ ಹಗ್ಗ ಬೇಡ.

4. ಅರ್ಧ ವೃತ್ತಗಳ ತುದಿಗಳನ್ನು ನೇರ ಗೆರೆಗಳಿಂದ ಕೂಡಿಸಿ. ಎರಡು ಗೆರೆಗಳೂ 50 ಮೀಟರೇ ಇರಬೇಕು. ಮನೆಯ ಪಾಯ ಹಾಕುವಾಗ ನೋಡುವಂತೆ, ಮೂಲೆಯಿಂದ ಮೂಲೆಗೆ ಅಡ್ಡ ಅಳತೆಗಳೂ ಸಮನಾಗಿರಬೇಕು.

5. ಗೆರೆಯ ಮೇಲೆ ಸುಣ್ಣವನ್ನೋ ಬೂದಿಯನ್ನೋ ಚೆಲ್ಲಿ. ಗೆರೆಯಿಂದ ಒಂದು ಗೇಣು ಹೊರಗೆ ಓಡಿದರೆ ಒಂದು ಸುತ್ತು 200 ಮೀಟರು. ಐದು ಸುತ್ತಿಗೆ ಒಂದು ಕಿಲೋಮೀಟರು.

ಓಡಿಸುವ ಕ್ರಮವೂ ಮುಖ್ಯ. ಮೊದಲ ಸುತ್ತಿನಲ್ಲೇ ಬಲವನ್ನೆಲ್ಲ ಸುರಿದು ಮೂರನೆಯದರಲ್ಲಿ ಕುಸಿಯುವುದು ಸಾಮಾನ್ಯ ತಪ್ಪು. ಸುತ್ತು ಸುತ್ತಿಗೂ ವೇಳೆ ಒಂದೇ ಸಮನಾಗಿರಲಿ. ವಾರಕ್ಕೆ ಮೂರು ದಿನ, ತಂಪು ಹೊತ್ತಿನಲ್ಲಿ, ಮಾತನಾಡುತ್ತ ಓಡಬಹುದಾದ ವೇಗದಿಂದ ಆರಂಭಿಸತಕ್ಕದ್ದು. ದೂರವನ್ನು ಸ್ವಲ್ಪ ಸ್ವಲ್ಪವಾಗಿಯೇ ಏರಿಸಬೇಕು. ಬೆಳೆಯುವ ಮಕ್ಕಳನ್ನು ಮ್ಯಾರಥಾನ್ ದೂರಕ್ಕೆ ಎಂದೂ ಓಡಿಸಕೂಡದು. ಕುಡಿಯಲು ನೀರು ಹತ್ತಿರವಿರಲಿ. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹೆಣ್ಣುಮಕ್ಕಳನ್ನು ಹೊರಗಿಡಬೇಡಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಸೇರಿದ್ದೇ 1984ರಲ್ಲಿ. ಅಷ್ಟು ಕಾಲ ಅವರ ಮ್ಯಾರಥಾನ್ ಓಟವನ್ನು ಅಲ್ಲಿ ಅಳೆದವರೇ ಇರಲಿಲ್ಲ.

ಕೊನೆಯದಾಗಿ ಒಂದು ಪುಸ್ತಕ. ವೇಳೆ ನೋಡಲು ಮೊಬೈಲ್ ಫೋನು ಸಾಕು. ಹೆಸರು, ವಯಸ್ಸು, ದಿನಾಂಕ, ಸುತ್ತು, ವೇಳೆ ಎಂದು ಐದು ಮನೆಗಳನ್ನು ಹಾಕಿ ಯುವಕ ಸಂಘದವರೋ ಶಾಲೆಯ ಮೇಷ್ಟರೋ ಬರೆಯುತ್ತ ಬರಲಿ. ಯಾರ ವೇಳೆ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆಯೋ ಅವರನ್ನು ತಾಲ್ಲೂಕು ಕ್ರೀಡಾಕೂಟಕ್ಕೆ ಕಳುಹಿಸಿ.

ಈ ವಾರದ ಕೆಲಸ: ಊರ ಮಕ್ಕಳನ್ನು ಸೇರಿಸಿ ಸುತ್ತು ಹಾಕಿರಿ. ಚೌಗುಲೆಯವರಂತೆ 48 ಸೆಕೆಂಡಿಗೆ ಒಂದು ಸುತ್ತು ಓಡಿ, ಅದೇ ವೇಗದಲ್ಲಿ ಐದು ಸುತ್ತು ನಿಲ್ಲಬಲ್ಲವರು ಯಾರೆಂದು ನೋಡಿರಿ. ಅವರು 214 ಸುತ್ತು ನಿಂತರು.