ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಕೆಮ್ಮಿದರೆ, ಸೀನಿದರೆ, ನೀರಿನ ಕೊಡ ಎತ್ತಿದರೆ ಮೂತ್ರ ಜಿನುಗಿ ಸೀರೆ ಒದ್ದೆಯಾಗುತ್ತದೆ. ಹೆರಿಗೆಯಾದ, ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಈ ತೊಂದರೆ ಇದೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಕೂಡುವಾಗಲೂ ಜಿನುಗುತ್ತದೆಂದು ನಾಚಿ ಗಂಡನಿಂದ ದೂರ ಸರಿದವರು ಆ ಸಂಗತಿಯನ್ನು ಹೆತ್ತ ತಾಯಿಗೂ ಹೇಳಿರುವುದಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟು ಕೊನೆಗೊಮ್ಮೆ ಆಸ್ಪತ್ರೆಗೆ ಹೋದರೆ, ಅಲ್ಲಿ ಡಾಕ್ಟರ ಜೊತೆ ಮಾತಾಡುವವರು ಗಂಡ, ಇಲ್ಲವೇ ಮಗ. ಎಷ್ಟೋ ಸಲ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರೂ ಅವರೇ.

ಕಾನೂನು ಇದನ್ನು ಒಪ್ಪುವುದಿಲ್ಲ. ದೆಹಲಿಯ 44 ವರ್ಷದ ಅವಿವಾಹಿತೆಯೊಬ್ಬರು 1995ರಲ್ಲಿ ಮುಟ್ಟಿನ ತೊಂದರೆಗೆಂದು ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಪ್ಪಿ ಮಲಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದುಹಾಕಿದರು. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಬದಲು ಬೇರೆಯವರು ಒಪ್ಪಿಗೆ ಕೊಡುವಂತಿಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಪ್ರಾಣಾಪಾಯವಿದ್ದರೆ ಮಾತ್ರ ವಿನಾಯಿತಿ. ಪರಿಹಾರ ಸಿಕ್ಕಿದ್ದು 25,000 ರೂಪಾಯಿ. ಮೊತ್ತ ತೀರಾ ಕಡಿಮೆ ಎಂದೇ ನನ್ನ ಅನಿಸಿಕೆ. ಆದರೆ ಒಪ್ಪಿಗೆ ಕೇಳುವ ಮುಂಚೆ ವೈದ್ಯರು ಏನೇನು ತಿಳಿಸಬೇಕು ಎಂಬುದನ್ನೂ ಅದೇ ತೀರ್ಪು ಹೇಳಿದೆ. ಚಿಕಿತ್ಸೆ ಎಂಥದ್ದು, ಅದರಿಂದೇನು ಲಾಭ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ತಿಳಿಸಬೇಕು.

ಮೂತ್ರ ಸೋರಿಕೆಯ ವಿಷಯದಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ತೂಕವಿದೆ. ಕೆಮ್ಮಿದಾಗ ಜಿನುಗುವುದು ಒಂದು ಬಗೆ. ತಟ್ಟನೆ ಒತ್ತಡ ಬಂದು ಬಚ್ಚಲಿಗೆ ಓಡುವಷ್ಟರಲ್ಲೇ ಆಗಿಹೋಗುವುದು ಇನ್ನೊಂದು. ಮೂತ್ರನಾಳದ ಕೆಳಗೆ ಆಸರೆಯಾಗಿ ಪಟ್ಟಿ ಇಡುವ ಸ್ಲಿಂಗ್ ಆಪರೇಷನ್ ಮೊದಲನೆಯದಕ್ಕೆ. ಎರಡನೆಯದಕ್ಕೆ ಮೂತ್ರಕೋಶದ ತರಬೇತಿ, ಔಷಧಿ ಇವೆ. ಹಾಗಾಗಿ ನನ್ನದು ಯಾವ ಬಗೆ ಎಂದು ಮೊದಲು ಕೇಳಿ. ಮೊದಲನೆಯದರಲ್ಲೂ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳ ವ್ಯಾಯಾಮವನ್ನು ತಿಳಿದವರ ಮಾರ್ಗದರ್ಶನದಲ್ಲಿ ಕನಿಷ್ಠ ಮೂರು ತಿಂಗಳು ಮಾಡಿ ನೋಡುವುದು ಮೊದಲ ಹೆಜ್ಜೆ.

ಆಪರೇಷನ್ನೇ ಬೇಕೆಂದಾದರೆ, ಮೂತ್ರನಾಳದ ಕೆಳಗೆ ಇಡುವ ಪಟ್ಟಿ ಪ್ಲಾಸ್ಟಿಕ್ ಜಾಲರಿಯದೋ, ನಿಮ್ಮ ದೇಹದ್ದೇ ಅಂಗಾಂಶದ್ದೋ ಎಂದು ಕೇಳಿ. ಜಾಲರಿಯಿಂದ ಅನೇಕರಿಗೆ ಒಳ್ಳೆಯದಾಗಿದೆ. ಕೆಲವರಲ್ಲಿ ಅದು ಯೋನಿಯ ಗೋಡೆಯನ್ನು ಕೊರೆದು, ತೀರದ ನೋವು ತಂದು, ದಾಂಪತ್ಯ ಸುಖವನ್ನೇ ಕಸಿದಿದೆ. ಮತ್ತೆ ತೆಗೆಯುವುದು ಸುಲಭವಲ್ಲ. ಇಂಥ ಹೆಣ್ಣುಮಕ್ಕಳು ದನಿ ಎತ್ತಿದ ಮೇಲೆಯೇ ಇಂಗ್ಲೆಂಡ್ 2018ರ ಜುಲೈನಲ್ಲಿ ಇದರ ಬಳಕೆಗೆ ತಡೆ ಹಾಕಿತು. ಲೈಂಗಿಕ ಜೀವನಕ್ಕೆ ಏನಾಗುತ್ತದೆ ಎಂದು ಕೇಳುವುದು ನಾಚಿಕೆಗೇಡಲ್ಲ, ಅದು ನಿಮಗೆ ಸಿಗಬೇಕಾದ ಮಾಹಿತಿ. ವಯಸ್ಸಾಯಿತಲ್ಲ, ಇನ್ನೇನು ಎಂದು ಯಾರಾದರೂ ಅಂದರೆ ಆ ಮಾತನ್ನು ಒಪ್ಪಬೇಡಿ. ಗಂಡಸು ವೈದ್ಯರು ಪರೀಕ್ಷಿಸುವಾಗ ಹೆಂಗಸೊಬ್ಬರು ಜೊತೆಗಿರಲಿ ಎಂದು ಕೇಳುವ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ನಿಮಗಿದೆ.

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಲಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಖಾಲಿ ಬಿಟ್ಟ ಜಾಗವಿದ್ದರೆ ಸಹಿ ಹಾಕಬೇಡಿ. ಗಂಡ ಬೇಕಾದರೆ ಸಾಕ್ಷಿಯಾಗಿ ರುಜು ಮಾಡಲಿ.

ಮನೆಗೆ ಬರುವ ಮುಂಚೆ ಡಿಸ್ಚಾರ್ಜ್ ಸಮ್ಮರಿಯ ಜೊತೆ, ಒಳಗಿಟ್ಟ ಪಟ್ಟಿಯ ಕಂಪನಿ ಹೆಸರು, ಬ್ಯಾಚ್ ನಂಬರ್ ಇರುವ ಸ್ಟಿಕ್ಕರಿನ ನಕಲು ಕೇಳಿ ಪಡೆಯಿರಿ. 2002ರ ವೈದ್ಯಕೀಯ ನೀತಿ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು; ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಬಾಯಲ್ಲಿ ಕೇಳಿದ್ದಕ್ಕೆ ಪುರಾವೆ ಉಳಿಯುವುದಿಲ್ಲ, ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ.

ಅನ್ಯಾಯವಾಗಿದ್ದರೆ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಪರಿಹಾರ ಬೇಕಾದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು, ಆದರೆ ಎರಡು ವರ್ಷದೊಳಗೆ. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬಾರದು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವಲ್ಲಿ ಉಚಿತ ಚಿಕಿತ್ಸೆ ಪಡೆದವರೂ ದೂರು ಕೊಡಬಹುದು. ವೈದ್ಯರ ನಡತೆಯ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಅದು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಲ್ಲುದು, ಹಣ ಕೊಡಿಸಲಾರದು. ಖಾಸಗಿ ಆಸ್ಪತ್ರೆಯ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೂ ಹೋಗಬಹುದು. ಜಾಲರಿಯಿಂದಲೇ ಹಾನಿಯಾಗಿದ್ದರೆ ವೈದ್ಯಕೀಯ ಸಾಧನಗಳ ಸುರಕ್ಷತೆ ಗಮನಿಸುವ ಕೇಂದ್ರದ 1800-180-3024ಕ್ಕೆ ತಿಳಿಸಿ. ಬ್ಯಾಚ್ ನಂಬರ್ ಕೆಲಸಕ್ಕೆ ಬರುವುದು ಆಗಲೇ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.