ನಾಮಫಲಕದ ಋಣ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಹಾವೇರಿಯಲ್ಲಿ ನಿಂತಾಗ, ಕಿಟಕಿಯ ಬಳಿ ಕುಳಿತ ಪ್ರಯಾಣಿಕನ ಕಣ್ಣಿಗೆ ಊರಿನ ಹೆಸರಿನೊಡನೆ ಒಬ್ಬ ವ್ಯಕ್ತಿಯ ಹೆಸರೂ ಬೀಳುತ್ತದೆ. ಆ ನಿಲ್ದಾಣಕ್ಕೆ ಶ್ರೀ ಮಹದೇವಪ್ಪ ಮೈಲಾರ ಎಂಬ ಹೆಸರನ್ನಿಡಲಾಗಿದೆ. ಫಲಕವನ್ನು ಓದುವುದಕ್ಕೆ ಒಂದು ಕ್ಷಣ ಸಾಕು. ಆದರೆ ಆತನು ಯಾರು, ಆತನ ಹೆಸರು ಇಲ್ಲಿಗೇಕೆ ಬಂದಿತು ಎಂದು ಪಕ್ಕದ ಬಾಲಕನು ಕೇಳಿದರೆ ಉತ್ತರ ಹೇಳಬಲ್ಲವರು ಆ ಡಬ್ಬಿಯಲ್ಲಿ ಎಷ್ಟು ಜನರಿದ್ದಾರು? ಅಗಲಿದವರ ಹೆಸರನ್ನು ಸಾರ್ವಜನಿಕ ಸ್ಥಳಕ್ಕೆ ಇಡುವ ಪದ್ಧತಿಯ ಸಾರ್ಥಕತೆಯೂ ವಿಫಲತೆಯೂ ಈ ಒಂದು ಪ್ರಶ್ನೆಯಲ್ಲಿಯೇ ಅಡಗಿವೆ. ವಿದ್ಯಾರ್ಥಿಗಳು ಇದನ್ನು ತಮ್ಮ ಪ್ರಶ್ನೆಯೆಂದೇ ಭಾವಿಸಿ ಮುಂದಿನ ಸಂಗತಿಗಳನ್ನು ವಿಚಾರಿಸಬೇಕು.

ಆ ಹೆಸರಿನ ಹಿಂದಿನ ಬಾಳು

ಮೈಲಾರ ಮಹದೇವಪ್ಪನವರು ಜನಿಸಿದ್ದು 1911ರ ಜೂನ್ 8ರಂದು, ಮೋಟೆಬೆನ್ನೂರಿನಲ್ಲಿ. ಆಗ ಆ ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಜಿಲ್ಲೆಗೆ ಬಂದಿತು. ಎಳೆಯ ವಯಸ್ಸಿನಲ್ಲಿಯೇ ಅವರು ಖಾದಿಯ ಕಾರ್ಯಕ್ಕೆ ಮನಸೋತರು, ಸಾಬರಮತಿ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರು ದಂಡಿಯ ಕಡೆಗೆ ಹೊರಟಾಗ ಅವರೊಡನೆ ಹೆಜ್ಜೆಯಿಟ್ಟ 78 ಮಂದಿಯಲ್ಲಿ ಈ ಕನ್ನಡದ ತರುಣನೂ ಒಬ್ಬನಾಗಿದ್ದನು. ಆಗ ಆತನಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸುಮಾರು 385 ಕಿಲೋಮೀಟರುಗಳ ಆ ದಾರಿಯನ್ನು ಸತ್ಯಾಗ್ರಹಿಗಳು 24 ದಿನಗಳಲ್ಲಿ ಕ್ರಮಿಸಿದರು.

ಸೆರೆವಾಸವನ್ನು ಅನುಭವಿಸಿ ನಾಡಿಗೆ ಮರಳಿದ ಮಹದೇವಪ್ಪನವರು ಹಾವೇರಿಗೆ ಸಮೀಪದ ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿ, ನೂಲುವುದು, ನೇಯುವುದು, ಗ್ರಾಮಸೇವೆ ಇವುಗಳಲ್ಲಿ ತೊಡಗಿದರು. ಅವರ ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ಪಾಲ್ಗೊಂಡು ಸೆರೆಮನೆಯನ್ನು ಕಂಡವರು. ಚರಕದ ಮುಂದೆ ಕಳೆದ ಈ ವರ್ಷಗಳನ್ನು ಬಿಟ್ಟು ಅವರ ಅಂತ್ಯವನ್ನು ಮಾತ್ರ ಹೇಳುವುದು ಅರ್ಧ ಕಥೆಯಾದೀತು.

1942ರ ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಆರಂಭವಾಯಿತು. ನಾಯಕರೆಲ್ಲರೂ ಬಂಧಿತರಾದ ಮೇಲೆ ಚಳವಳಿಯ ಭಾರವು ಹಳ್ಳಿಗಳ ತರುಣರ ಮೇಲೆ ಬಿದ್ದಿತು. ಸರ್ಕಾರದ ಆಡಳಿತವನ್ನು ಸ್ತಬ್ಧಗೊಳಿಸಬೇಕೆಂಬ ಉದ್ದೇಶದಿಂದ ಮಹದೇವಪ್ಪನವರು ತಮ್ಮದೊಂದು ತಂಡವನ್ನು ಕಟ್ಟಿದರು. 1943ರ ಏಪ್ರಿಲ್ 1ರಂದು ವರದಾ ನದಿಯ ದಂಡೆಯಲ್ಲಿರುವ ಹೊಸರಿತ್ತಿಯಲ್ಲಿ, ಸರ್ಕಾರವು ಸಂಗ್ರಹಿಸಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಆ ತಂಡವು ಮುಂದಾದಾಗ ಕಾವಲಿನ ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪನವರು ಮಡಿದರು. ಅವರೊಡನೆ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಡಿಗರೂ ಪ್ರಾಣಾರ್ಪಣ ಮಾಡಿದರು. ಮಹದೇವಪ್ಪನವರಿಗೆ ಆಗ ಮೂವತ್ತೊಂದು ವರ್ಷ.

ನಿಲ್ದಾಣವೇ ಏಕೆ?

1942ರಲ್ಲಿ ಈ ಭಾಗದ ರೈಲುಮಾರ್ಗವು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಗೆ ಸೇರಿತ್ತು. ಸೈನ್ಯವನ್ನೂ ಸರಕನ್ನೂ ಸಾಗಿಸುವ ರೈಲು, ಸುದ್ದಿಯನ್ನು ಒಯ್ಯುವ ತಂತಿ, ತೆರಿಗೆ ಕೂಡಿಸುವ ಚಾವಡಿ, ಇವು ಪರಕೀಯ ಆಡಳಿತದ ಕೈಕಾಲುಗಳಾಗಿದ್ದವು. ಆದುದರಿಂದಲೇ ಆ ಚಳವಳಿಯಲ್ಲಿ ಮುಂಬಯಿ ಕರ್ನಾಟಕದ ಅನೇಕ ರೈಲು ನಿಲ್ದಾಣಗಳು ಚಳವಳಿಗಾರರ ಕೋಪಕ್ಕೆ ಗುರಿಯಾದವು. ಅಂತಹ ಚಳವಳಿಯ ವೀರನೊಬ್ಬನ ಹೆಸರು ಇಂದು ಒಂದು ರೈಲು ನಿಲ್ದಾಣದ ನೆತ್ತಿಯ ಮೇಲಿದೆ! ಮೇಲ್ನೋಟಕ್ಕೆ ಇದು ವಿಚಿತ್ರವೆನಿಸಬಹುದು. ಆದರೆ ವಿಚಾರಿಸಿ ನೋಡಿದರೆ ಇದಕ್ಕಿಂತ ಯೋಗ್ಯವಾದ ಸ್ಥಳ ದೊರೆಯುವುದು ಕಠಿಣ. ಅಂದು ಅರಸೊತ್ತಿಗೆಯ ಸೊತ್ತಾಗಿದ್ದ ಹಳಿಗಳು ಇಂದು ಜನರ ಸೊತ್ತಾಗಿವೆ. ಅವು ಹೀಗೆ ಕೈ ಬದಲಾದದ್ದು ಯಾರ ಬಲಿದಾನದಿಂದ ಎಂಬುದನ್ನು ಆ ಹೆಸರು ಸಾರುತ್ತದೆ. ಸ್ಥಳಕ್ಕೂ ಬಾಳಿಗೂ ಇಂತಹ ಒಳಸಂಬಂಧವಿದ್ದಾಗ ಹೆಸರು ಪಾಠವಾಗುತ್ತದೆ.

ಇಲ್ಲಿ ಇನ್ನೊಂದು ಔಚಿತ್ಯವನ್ನೂ ಗಮನಿಸಬೇಕು. ಊರುಗಳ ಹಾಗೂ ರೈಲು ನಿಲ್ದಾಣಗಳ ಹೆಸರಿನ ಬದಲಾವಣೆಗೆ ರಾಜ್ಯ ಸರ್ಕಾರದ ಪ್ರಸ್ತಾವವೂ ಕೇಂದ್ರ ಗೃಹ ಮಂತ್ರಾಲಯದ ಒಪ್ಪಿಗೆಯೂ ಅವಶ್ಯ. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಬದಲಿಸಕೂಡದೆಂಬ ಮಾರ್ಗಸೂಚಿಯು 1953ರಿಂದಲೂ ಇದೆ. ಹಾವೇರಿಯಲ್ಲಿ ಹೊಸ ಹೆಸರು ಬಂದರೂ ಊರಿನ ಹೆಸರು ಅಳಿಯಲಿಲ್ಲ. ಎರಡೂ ಒಂದೇ ಫಲಕದಲ್ಲಿ ನಿಂತಿವೆ. ಒಬ್ಬರನ್ನು ನೆನೆಯುವುದಕ್ಕಾಗಿ ಇನ್ನೊಂದು ನೆನಪನ್ನು ಒರೆಸಬೇಕಾಗಿಲ್ಲ.

ಫಲಕದ ಹೆಸರು, ನಾಲಿಗೆಯ ಹೆಸರು

ಹೆಸರನ್ನಿಟ್ಟ ಮಾತ್ರಕ್ಕೆ ಅದು ಜನರ ನಾಲಿಗೆಯ ಮೇಲೆ ನಿಲ್ಲುವುದೆಂಬ ಭರವಸೆಯಿಲ್ಲ. ಬೆಂಗಳೂರಿನ ವಿಶಾಲವಾದ ಉದ್ಯಾನವು 1870ರಲ್ಲಿ ರೂಪುಗೊಂಡಾಗ ಅದಕ್ಕೆ ಆಗಿನ ಅಧಿಕಾರಿಯ ಹೆಸರಿನಿಂದ ಮೀಡ್ಸ್ ಪಾರ್ಕ್ ಎಂದು ಕರೆದರು. ಬಳಿಕ 1861ರಲ್ಲಿಯೇ ತೀರಿಕೊಂಡಿದ್ದ ಕಮಿಷನರ್ ಮಾರ್ಕ್ ಕಬ್ಬನ್ನರ ಹೆಸರು ಬಂದಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತವಾಗಿ ನಾಮಕರಣವಾಯಿತು. ಇಂದಿಗೂ ಜನರು ಕಬ್ಬನ್ ಪಾರ್ಕ್ ಎಂದೇ ಕರೆಯುತ್ತಾರೆ. ಅದೇ ನಗರದ ದೊಡ್ಡ ಬಸ್ ನಿಲ್ದಾಣಕ್ಕೆ ನಗರವನ್ನು ಕಟ್ಟಿದ ಕೆಂಪೇಗೌಡರ ಹೆಸರಿದೆ. ಆದರೂ ಪ್ರಯಾಣಿಕರು ಕೇಳುವುದು ಮೆಜೆಸ್ಟಿಕ್ಕಿಗೆ ಟಿಕೆಟ್ಟನ್ನು. ಅದು ಈಗ ಇಲ್ಲವಾಗಿರುವ ಒಂದು ಚಿತ್ರಮಂದಿರದ ಹೆಸರು!

ಇನ್ನು ಕೆಲವು ಹೆಸರುಗಳು ನಾಲಿಗೆಯ ಮೇಲೆ ಉಳಿದೂ ಅಳಿದುಹೋಗುತ್ತವೆ. ಬೆಂಗಳೂರಿನ ಸೌತ್ ಪರೇಡ್ ರಸ್ತೆಗೆ ಗಾಂಧೀಜಿಯವರು ಹತರಾದ 1948ರಲ್ಲಿಯೇ ಮಹಾತ್ಮ ಗಾಂಧಿ ರಸ್ತೆಯೆಂದು ಹೆಸರಾಯಿತು. ಇಂದು ಅದು ಎಂ.ಜಿ. ರೋಡ್. ಹೆಸರು ಎರಡು ಅಕ್ಷರಗಳಿಗೆ ಇಳಿಯಿತು. ಅದರೊಳಗಿನ ಮಹಾತ್ಮನು ಮರೆಯಾದನು. ಅಂಗಡಿಗಳ ಬೆಳಕಿನಲ್ಲಿ ಆ ರಸ್ತೆಯನ್ನು ದಾಟುವ ಎಷ್ಟು ಮಂದಿಗೆ ಸರಳ ಜೀವನದ ನೆನಪಾಗುತ್ತದೆ? ಇದರಿಂದ ತಿಳಿಯಬೇಕಾದುದೇನು? ಸರ್ಕಾರವು ಹೆಸರನ್ನು ಕೊಡಬಲ್ಲದು, ನೆನಪನ್ನು ಕೊಡಲಾರದು. ನೆನಪು ಒಬ್ಬರು ಇನ್ನೊಬ್ಬರಿಗೆ ಹೇಳುವುದರಿಂದ ಮಾತ್ರ ಉಳಿಯತಕ್ಕ ವಸ್ತು.

ಹೆಸರಿಟ್ಟವರ ಕರ್ತವ್ಯ

ಆದುದರಿಂದ ಹೆಸರಿಡುವುದು ಋಣವನ್ನು ತೀರಿಸುವ ಕಾರ್ಯವೆಂದು ಭಾವಿಸುವುದು ತಪ್ಪು. ಅದು ಹೊಸ ಋಣವೊಂದನ್ನು ಹೊರುವ ಕಾರ್ಯ. ಆ ಋಣಕ್ಕೆ ಮೂರು ಅಂಶಗಳುಂಟು.

ಮೊದಲನೆಯದು, ಕಥೆಯನ್ನು ಪೂರ್ಣವಾಗಿ ಹೇಳುವುದು. ಫಲಕದಲ್ಲಿ ಒಬ್ಬರ ಹೆಸರಿಗೆ ಮಾತ್ರ ಎಡೆಯಿರುತ್ತದೆ. ಹೊಸರಿತ್ತಿಯಲ್ಲಿ ಬಿದ್ದವರು ಮೂವರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರ ಹೆಸರುಗಳನ್ನು ಹೇಳದೆ ಮಹದೇವಪ್ಪನವರನ್ನು ಮಾತ್ರ ಸ್ಮರಿಸಿದರೆ, ಸಂಗಡಿಗರೊಡನೆ ಮಡಿದ ಆ ನಾಯಕನಿಗೇ ಅನ್ಯಾಯ ಮಾಡಿದಂತೆ. ಬೇರೆ ಬೇರೆ ಮನೆತನಗಳಿಂದ ಬಂದು ಒಂದೇ ದಿನ, ಒಂದೇ ಕಾರ್ಯಕ್ಕಾಗಿ ರಕ್ತ ಸುರಿಸಿದ ಆ ಮೂವರು ಒಟ್ಟಿಗೆ ನೆನಪಾಗಬೇಕು. ಫಲಕವು ಹೇಳದ ಹೆಸರುಗಳನ್ನು ಹೇಳುವುದೇ ಶಿಕ್ಷಕನ ಕೆಲಸ.

ಎರಡನೆಯದು, ಕಥೆಯನ್ನು ಸತ್ಯವಾಗಿ ಹೇಳುವುದು. ದಂಡಿಗೆ ಬರಿಗೈಯಲ್ಲಿ ನಡೆದ ತರುಣನು ಹದಿಮೂರು ವರ್ಷಗಳ ಬಳಿಕ ಸರ್ಕಾರದ ಖಜಾನೆಯ ಮೇಲೇಕೆ ಏರಿಹೋದನು? ಸತ್ಯಾಗ್ರಹಿಗೆ ಇದು ಸಲ್ಲುವುದೇ? 1942ರ ಸಂದರ್ಭವು ಆತನನ್ನು ಅಲ್ಲಿಗೆ ಹೇಗೆ ಒಯ್ದಿತು? ಇಂತಹ ಪ್ರಶ್ನೆಗಳನ್ನು ಕೇಳುವ ವಿದ್ಯಾರ್ಥಿಯನ್ನು ಗದರಿಸಕೂಡದು. ಹೂಮಾಲೆಯ ಕೆಳಗೆ ಹುದುಗಿದ ಮಹಾಪುರುಷನಿಂದ ಯಾರೂ ಏನನ್ನೂ ಕಲಿಯಲಾರರು. ಸಂದಿಗ್ಧದಲ್ಲಿ ನಿಂತು ನಿರ್ಣಯಿಸಿದ, ಆ ನಿರ್ಣಯಕ್ಕೆ ತನ್ನ ಪ್ರಾಣವನ್ನೇ ಬೆಲೆಯಾಗಿ ತೆತ್ತ ಮನುಷ್ಯನಿಂದ ಕಲಿಯುವುದು ಬಹಳವಿದೆ.

ಮೂರನೆಯದು, ಸ್ಥಳವನ್ನು ಹೆಸರಿಗೆ ತಕ್ಕಂತೆ ಇಟ್ಟುಕೊಳ್ಳುವುದು. ಗ್ರಾಮಸೇವಕನ ಹೆಸರುಳ್ಳ ನಿಲ್ದಾಣದಲ್ಲಿ ಉಗುಳುವವನು, ಉದ್ಯಾನದ ಬೇಲಿಯನ್ನು ಮುರಿಯುವವನು, ಚೌಕದ ಹೆಸರಿಗಾಗಿ ಜಗಳವಾಡಿ ಅದೇ ಚೌಕದಲ್ಲಿ ಕಸವನ್ನು ಸುರಿಯುವವನು, ಇವರೆಲ್ಲರೂ ಸತ್ತವರನ್ನು ಅವಮಾನಿಸುವವರೇ ಸರಿ. ಸಾರ್ವಜನಿಕ ಸ್ಥಳವು ಎಲ್ಲರದು. ಅಲ್ಲಿಗೆ ಹೆಸರು ಕೊಟ್ಟವರು ಯಾವ ಕುಲ, ಯಾವ ಪಕ್ಷದವರಾಗಿದ್ದರೂ ಆ ಸ್ಥಳದ ಮೂಲಕ ಎಲ್ಲರವರೂ ಆಗುತ್ತಾರೆ. ಅವರನ್ನು ಪುನಃ ಒಂದು ಗುಂಪಿನ ಸೊತ್ತಾಗಿಸುವುದು ಆ ಗೌರವವನ್ನು ಕಿರಿದುಗೊಳಿಸಿದಂತೆ.

ವಿದ್ಯಾರ್ಥಿಗಳಿಗೆ

ಪ್ರತಿಯೊಂದು ಊರಿನಲ್ಲಿಯೂ ಅಗಲಿದವರ ಹೆಸರುಳ್ಳ ಒಂದು ಬೀದಿಯೋ, ಬಾವಿಯೋ, ಚೌಕವೋ, ವಾಚನಾಲಯವೋ ಇದ್ದೇ ಇರುತ್ತದೆ. ಬರುವ ರಜೆಯಲ್ಲಿ ನಿಮ್ಮ ಊರಿನ ಅಂತಹ ಒಂದು ಸ್ಥಳವನ್ನು ಆರಿಸಿಕೊಳ್ಳಿರಿ. ಆ ವ್ಯಕ್ತಿಯು ಯಾರು, ಏನು ಮಾಡಿದನು, ಆತನೊಡನೆ ದುಡಿದವರಾರು, ಆ ಸ್ಥಳಕ್ಕೆ ಮೊದಲು ಯಾವ ಹೆಸರಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಪುಟದಷ್ಟು ಬರೆಯಿರಿ. ಕೇಳಲು ತಡಮಾಡಬೇಡಿರಿ. ಕಲ್ಲಿನಲ್ಲಿ ಕೊರೆದ ಅಕ್ಷರವು ನೂರು ವರ್ಷ ಕಾಯಬಲ್ಲದು. ಅದರ ಅರ್ಥವನ್ನು ಬಲ್ಲ ಅಜ್ಜನು ಅಷ್ಟು ಕಾಲ ಕಾಯಲಾರನು.

ಮುಂದೊಮ್ಮೆ ನಿಮ್ಮ ರೈಲು ಹಾವೇರಿಯಲ್ಲಿ ನಿಂತಾಗ ಪಕ್ಕದ ಬಾಲಕನು ಆ ಫಲಕದತ್ತ ಬೆರಳು ತೋರಿಸಿ ಕೇಳಬಹುದು. ರೈಲು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಮೂವರ ಹೆಸರನ್ನು ಹೇಳುವುದಕ್ಕೆ ಅಷ್ಟು ಸಮಯ ಸಾಕು.