ಮುಂಬಯಿ ಸೊಸೈಟಿಯಲ್ಲಿ ಒಂದು ಖೋಲಿ ಕೊಳ್ಳುವ ನಮ್ಮ ಕಡೆಯವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕುರಕುಂಟಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಮುಂಬಯಿಗೆ ದುಡಿಯಲು ಹೋಗಿ, ಈಗ ದಾದರ, ಮಾಟುಂಗಾದಂಥ ಬೇಡಿಕೆಯ ಏರಿಯಾದಲ್ಲಿ ಸೊಸೈಟಿಯ ‘ವನ್ ಆರ್‌ಕೆ’ ಕೊಳ್ಳಲು ಹೊರಟವರು ಇದನ್ನು ಪೂರ್ತಿ ಓದಬೇಕು. ಊರಲ್ಲಿದ್ದು ದುಡ್ಡು ಹೊಂದಿಸುವ ಅಪ್ಪ-ಅವ್ವನೂ ಓದಿಸಿ ಕೇಳಬೇಕು.

ಒಂದು ಖೋಲಿ, ಮೂಲೆಯಲ್ಲಿ ಅಡುಗೆ ಕಟ್ಟೆ, ಪಕ್ಕಕ್ಕೆ ಮೋರಿ. ಸೇಡಂನ 30x40 ಸೈಟಿನಲ್ಲಿ ಇಂಥ ನಾಲ್ಕು ಹಿಡಿದಾವು. ಆದರೆ ಊರಿನ ಪ್ಲಾಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊರಗೋಡೆ, ಮೆಟ್ಟಿಲು, ಮಾಳಿಗೆ ಎಲ್ಲ ಸೊಸೈಟಿಯದು. ನಿಮ್ಮ ಪಾಲಿಗೆ ಬರುವುದು ಸದಸ್ಯತ್ವ, ಶೇರು, ಆ ಖೋಲಿಯ ಹಕ್ಕು. ಇದೆಲ್ಲ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ವ್ಯವಹಾರ. ಬೆಂಗಳೂರಿನಲ್ಲಿ ಫ್ಲ್ಯಾಟು ತಗೊಂಡ ಗೆಳೆಯನ ಸಲಹೆ ಇಲ್ಲಿ ಬೇಡ. ಅಲ್ಲಿಯ ಅಪಾರ್ಟ್‌ಮೆಂಟ್ ಕಾಯ್ದೆಯೇ ಬೇರೆ.

ಮಾಡಬೇಕಾದ್ದು

ಇಸಾರ ಕೊಡುವ ಮೊದಲು ಶೇರ್ ಸರ್ಟಿಫಿಕೇಟಿನ ಅಸಲು ಪ್ರತಿ ಕೈಯಲ್ಲಿ ಹಿಡಿದು, ತಿರುಗಿಸಿ ಹಿಂಬದಿ ನೋಡಬೇಕು. ಅಲ್ಲಿ ವರ್ಗಾವಣೆಯ ಪಟ್ಟಿ ಇರುತ್ತದೆ: ಯಾವ ದಿನದ ಸಭೆಯಲ್ಲಿ, ಯಾರ ಹೆಸರಿಗೆ, ರಜಿಸ್ಟರಿನಲ್ಲಿ ಎಷ್ಟನೇ ನಂಬರು, ಅದರ ಮುಂದೆ ಚೇರ್ಮನ್, ಸೆಕ್ರೆಟರಿ, ಕಮಿಟಿ ಸದಸ್ಯರ ಸಹಿ. ಪಟ್ಟಿ ಖಾಲಿ ಇದ್ದರೆ ಮುಂಬದಿಯಲ್ಲಿ, ಇಲ್ಲವಾದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ಮಾರುವವನ ಹೆಸರು ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಖರೀದಿ ಪತ್ರ ನೋಂದಣಿ ಆದ ಮೇಲೂ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಏರುವ ತನಕ ಕೆಲಸ ಮುಗಿದಿಲ್ಲ.

ಜಾಗ ಯಾರ ಹೆಸರಿನಲ್ಲಿದೆ ಎಂದು ಪ್ರಾಪರ್ಟಿ ಕಾರ್ಡಿನಲ್ಲಿ ನೋಡಬೇಕು. ಎಷ್ಟೋ ಕಟ್ಟಡಗಳ ನೆಲ ಇನ್ನೂ ಬಿಲ್ಡರನ ಹೆಸರಿನಲ್ಲೇ ಇದೆ. ಬಿಲ್ಡರ್ ಬರೆದುಕೊಡದಿದ್ದರೂ ನೆಲವನ್ನು ಸೊಸೈಟಿಯ ಹೆಸರಿಗೆ ಮಾಡಿಕೊಳ್ಳಲು 1963ರ ಫ್ಲ್ಯಾಟು ಕಾಯ್ದೆಯಲ್ಲಿ ‘ಡೀಮ್ಡ್ ಕನ್ವೆಯನ್ಸ್’ ದಾರಿ ಉಂಟು. ಸೊಸೈಟಿ ಆ ದಾರಿ ಹಿಡಿದಿದೆಯೋ ಇಲ್ಲವೋ ಕೇಳಿ ತಿಳಿಯಿರಿ. ಕಟ್ಟಡ ಕೆಡವಿ ಹೊಸದು ಕಟ್ಟುವ ಕಾಲಕ್ಕೆ ಇದೇ ಮುಖ್ಯವಾಗುತ್ತದೆ. ಹಾಗೆಯೇ ನಿಮ್ಮ ಖೋಲಿಯ ಕಾರ್ಪೆಟ್ ಏರಿಯಾ ಕಾಗದದಲ್ಲಿ ಎಷ್ಟಿದೆ ಎಂಬುದೂ. ದಲ್ಲಾಳಿಯ ಬಾಯಲ್ಲಿ ಬರುವ ಚದರಡಿ ನಂಬಬೇಡಿ, ಟೇಪು ಹಿಡಿದು ಅಳೆಯಿರಿ.

ಸ್ಟ್ಯಾಂಪ್ ಡ್ಯೂಟಿ ಮುಂಬಯಿಯಲ್ಲಿ ಮೆಟ್ರೊ ಸೆಸ್ ಸೇರಿ ಶೇ. 6. ಹೆಣ್ಣುಮಗಳ ಹೆಸರಿನಲ್ಲಿ ಕೊಂಡರೆ ಶೇ. 1 ರಿಯಾಯಿತಿ.

ತೊಗರಿ ಹೊಲ ಮಾರಿದ ದುಡ್ಡು ಈ ಖರೀದಿಯಲ್ಲಿ ಸೇರಿದ್ದರೆ ಹೆಸರಿನ ವಿಷಯವನ್ನು ಮೊದಲೇ, ಅಣ್ಣತಮ್ಮಂದಿರ ಮುಂದೆ, ಬಾಯಿಬಿಟ್ಟು ಮಾತಾಡಿ. ಸರ್ಟಿಫಿಕೇಟಿನಲ್ಲಿ ಯಾರ ಹೆಸರು ಮೊದಲು ಇರುತ್ತದೋ ಓಟು ಅವರದು. ನಾಮಿನೇಷನ್ ಫಾರ್ಮ್ ತುಂಬಿ ಕೊಟ್ಟು, ಸೊಸೈಟಿಯ ಸಹಿಯ ಪ್ರತಿ ಇಟ್ಟುಕೊಳ್ಳಿ. ಆದರೆ ನಾಮಿನಿ ಎಂದರೆ ವಾರಸುದಾರ ಎಂದು ತಿಳಿಯಕೂಡದು. ನಾಮಿನಿಯ ಹೆಸರಿಗೆ ಸೊಸೈಟಿ ವರ್ಗ ಮಾಡಿಕೊಟ್ಟರೂ ಉಳಿದ ವಾರಸುದಾರರು ಹಕ್ಕಿಗಾಗಿ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಅದಕ್ಕೇ ಒಂದು ಮೃತ್ಯುಪತ್ರ ಬರೆದಿಡಿ. ಇದನ್ನು ಅಪಶಕುನ ಅನ್ನುವ ಹಿರಿಯರು ನಮ್ಮಲ್ಲಿ ಬಹಳ. ಕೋರ್ಟಿನ ಮೆಟ್ಟಿಲು ಅದಕ್ಕಿಂತ ದೊಡ್ಡ ಅಪಶಕುನ.

ಸೆಪ್ಟೆಂಬರ್ 30ರೊಳಗೆ ನಡೆಯುವ ವಾರ್ಷಿಕ ಸಭೆಗೆ ಹೋಗಲೇಬೇಕು. ಭಾಷೆ ಬಾರದೆಂದು ಹಿಂದಿನ ಬೆಂಚು ಹಿಡಿಯಬೇಡಿ. ಮುಂಬಯಿಗೆ ಈ ಸೊಸೈಟಿ ಪದ್ಧತಿ ತಂದವರಲ್ಲಿ ನಮ್ಮ ಕೆನರಾ ಕರಾವಳಿಯಿಂದ ಹೋದ ಸಾರಸ್ವತರೇ ಮೊದಲಿಗರು; ಗಾಮದೇವಿಯಲ್ಲಿ ಅವರು ಸಹಕಾರಿ ಗೃಹ ಸಂಘ ಕಟ್ಟಿದ್ದು 1915ರಲ್ಲಿ. ಸಹಕಾರ ನಮ್ಮ ರೈತರಿಗೂ ಹೊಸದಲ್ಲ: ಅದಕ್ಕೂ 10 ವರ್ಷ ಮೊದಲು ಗದಗಿನ ಕಣಗಿನಹಾಳದ ರೈತರು ಸಹಕಾರಿ ಸಂಘ ತೆರೆದಿದ್ದರು.

ಮಾಡಬಾರದ್ದು

ಪಗಡಿ ಖೋಲಿಯನ್ನು ಸೊಸೈಟಿ ಖೋಲಿ ಎಂದುಕೊಂಡು ಕೊಳ್ಳಬಾರದು. ಹಳೆಯ ದಾದರ, ಮಾಟುಂಗಾದಲ್ಲಿ ಪಗಡಿ ಮನೆಗಳೇ ಅಗ್ಗ ಕಾಣುತ್ತವೆ. ಅಲ್ಲಿ ಲಕ್ಷ ಲಕ್ಷ ಸುರಿದರೂ ನೀವು ಬಾಡಿಗೆದಾರರೇ. ಮಾಲೀಕನ ಒಪ್ಪಿಗೆ ಇಲ್ಲದೆ ಮುಂದೆ ಯಾರಿಗೂ ಕೊಡಲಾರಿರಿ. ಝೋಪಡಿ ಪುನರ್ವಸತಿಯಲ್ಲಿ ಸಿಕ್ಕ ಖೋಲಿಯಾದರೆ ಮಾರಾಟ ನಿರ್ಬಂಧದ ಅವಧಿ ಮುಗಿಯದೆ ಮುಟ್ಟಲೇಬಾರದು.

‘ಬಿಲ್ಡಿಂಗ್ ಫಂಡ್’, ‘ದೇಣಿಗೆ’ ಎಂದು ಕಮಿಟಿಯವರು ಕೇಳಿದಷ್ಟು ಎಣಿಸಿ ಕೊಡಬಾರದು. ಮುಂಬಯಿಯಂಥ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ವರ್ಗಾವಣೆ ಪ್ರೀಮಿಯಂ 25,000 ರೂಪಾಯಿ ಮೀರುವಂತಿಲ್ಲ; 2001ರ ಸರಕಾರಿ ಆದೇಶ ಇದೆ. ಕೊಟ್ಟದ್ದಕ್ಕೆ ರಸೀದಿ ಬೇಕೇ ಬೇಕು.

ಗೋಡೆ ಒಡೆಯಬಾರದು. ಊರಲ್ಲಿ ಶಹಾಬಾದಿ ಫರಸಿ ಹಾಸಿದ ಮನೆಗೆ ನೀವೇ ಗೌಂಡಿ ಕರೆಸಿ, ಮನಸ್ಸಿಗೆ ಬಂದಲ್ಲಿ ಬಾಗಿಲು ತೆರೆಸಿದ್ದೀರಿ. ಇಲ್ಲಿ ಮೋರಿಯ ಫರಸಿ ಕೀಳುವುದಿದ್ದರೂ ಕಮಿಟಿಗೆ ಬರೆದುಕೊಡಬೇಕು. ಕೆಳಗಿನವರ ಛತ್ತು ಸೋರಿದರೆ ಖರ್ಚು ನಿಮ್ಮ ತಲೆಗೆ. ಟೆರೇಸಿನಿಂದ, ಹೊರಗೋಡೆಯಿಂದ ಸೋರಿದರೆ ಮಾತ್ರ ಅದು ಸೊಸೈಟಿಯ ಹೊಣೆ. ಈ ವ್ಯತ್ಯಾಸ ಬೈಲಾದಲ್ಲೇ ಇದೆ.

ನಸುಕಿನ ಐದಕ್ಕೆ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯಬಾರದು. ಮನೆಯಲ್ಲಿ ಅದು ಸಪ್ಪಳವೇ ಅಲ್ಲ, ಆಚೆ ಖೋಲಿಯವನಿಗೆ ಗೋಡೆಯೇ ಬಡಿದಂತೆ. ಏಳರ ಮೇಲೆ ಬಡಿಯಿರಿ, ಕೆಳಗೊಂದು ದಪ್ಪ ಗೋಣಿಚೀಲ ಮಡಿಸಿ ಹಾಕಿ. ಮೆಣಸಿನಕಾಯಿ ಕುಟ್ಟುವುದಂತೂ ಬೇಡವೇ ಬೇಡ, ಊರಿಂದಲೇ ಕುಟ್ಟಿಸಿ ತನ್ನಿ.

ಪರೇಲಿನ ಟಾಟಾ ಆಸ್ಪತ್ರೆಗೆ ತೋರಿಸಲು ವಾಡಿಯಲ್ಲಿ ರೈಲು ಹತ್ತಿ ಮಂದಿ ಬರುತ್ತಾರೆ, ನಿಮ್ಮ ಖೋಲಿಯಲ್ಲೇ ಇಳಿಯುತ್ತಾರೆ. ಅವರನ್ನು ಬೇಡ ಅನ್ನಬಾರದು. ವಾಚ್‌ಮನ್‌ನ ರಜಿಸ್ಟರಿನಲ್ಲಿ ಹೆಸರು ಬರೆಸದೆ ಇಳಿಸಿಕೊಳ್ಳಲೂಬಾರದು.

ನೀವೇ ಊರಿಗೆ ಮರಳಿ ಖೋಲಿ ಬಾಡಿಗೆಗೆ ಕೊಡುವುದಾದರೆ ಬಾಯಿಮಾತಿನ ಕರಾರು ಬೇಡ. ‘ಲೀವ್ ಅಂಡ್ ಲೈಸೆನ್ಸ್’ ಎಂಬ ಬಾಡಿಗೆ ಕರಾರಿನ ನೋಂದಣಿ 1999ರ ಬಾಡಿಗೆ ಕಾಯ್ದೆಯಂತೆ ಕಡ್ಡಾಯ. ಇದಕ್ಕೆ ಸೊಸೈಟಿ ಹಾಕುವ ಹೆಚ್ಚುವರಿ ಶುಲ್ಕ ಸೇವಾ ಶುಲ್ಕದ ಶೇ. 10 ದಾಟುವಂತಿಲ್ಲ. ಮೇಂಟೆನೆನ್ಸ್ ಮಾತ್ರ ಬಾಕಿ ಇಡಬೇಡಿ. ಮೂರು ತಿಂಗಳು ತಪ್ಪಿದರೆ ಸುಸ್ತಿದಾರರ ಪಟ್ಟಿಗೆ ಬೀಳುತ್ತೀರಿ.

ಕಾಗದ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ದಲ್ಲಾಳಿಯಲ್ಲದ ಒಬ್ಬ ತಿಳಿದವರಿಂದ ಸಾಲುಸಾಲಾಗಿ ಓದಿಸಿ ಕೇಳಿ. ಸಹಿ ಆಮೇಲೆ.